ಹತ್ತು ವರ್ಷದ ವೀಸಾ, ಆರು ತಿಂಗಳ ವಾಸ, ಬರೆಯದ ನಿಯಮ

ಅಮೆರಿಕದ ಪ್ರವಾಸಿ ವೀಸಾ ಭಾರತೀಯರಿಗೆ ಸಾಮಾನ್ಯವಾಗಿ ಹತ್ತು ವರ್ಷಗಳ ಅವಧಿಗೆ ಸಿಗುತ್ತದೆ. ಪಾಸ್‌ಪೋರ್ಟಿನಲ್ಲಿ ಆ ವೀಸಾ ಕಂಡ ದಿನ, ಮಲ್ಲೇಶ್ವರದಲ್ಲೋ ಜಯನಗರದಲ್ಲೋ ಇರುವ ವೃದ್ಧ ದಂಪತಿಗೆ ಮಗನ ಮನೆಯ ಬಾಗಿಲು ಹತ್ತು ವರ್ಷ ತೆರೆದಿದೆ ಎಂದು ಅನ್ನಿಸುವುದು ಸಹಜ. ಆದರೆ ಆ ವೀಸಾ ಕೊಡುವ ಹಕ್ಕು ತೀರ ಸೀಮಿತವಾದದ್ದು. ಅಮೆರಿಕದ ಹೊಸ್ತಿಲವರೆಗೆ ಹೋಗಿ ಪ್ರವೇಶ ಕೇಳಲು ಅದು ಅನುಮತಿ, ಅಷ್ಟೆ. ಒಳಗೆ ಬಿಡಬೇಕೇ, ಬಿಟ್ಟರೆ ಎಷ್ಟು ದಿನಕ್ಕೆ ಎಂಬುದನ್ನು ತೀರ್ಮಾನಿಸುವವರು ವಿಮಾನ ನಿಲ್ದಾಣದ ವಲಸೆ ಅಧಿಕಾರಿ. ಅವರು 'ಐ-94' ಎಂಬ ದಾಖಲೆಯಲ್ಲಿ ನಮೂದಿಸುವ ದಿನಾಂಕವೇ ಅಂತಿಮ. ಪ್ರವಾಸಿಗೆ ಸಾಮಾನ್ಯವಾಗಿ ಸಿಗುವುದು ಆರು ತಿಂಗಳು. 2013ರವರೆಗೆ ವಿಮಾನದಲ್ಲಿ ಬಂದವರಿಗೆ ಇದು ಪಾಸ್‌ಪೋರ್ಟಿನೊಳಗಿನ ಬಿಳಿ ಚೀಟಿಯಾಗಿ ಕಣ್ಣೆದುರಿಗಿತ್ತು. ಈಗ ಅದು ಕಂಪ್ಯೂಟರಿನಲ್ಲಿದೆ. ಪ್ರಯಾಣಿಕರೇ ಜಾಲತಾಣದಲ್ಲಿ ಹುಡುಕಿ ನೋಡಿಕೊಳ್ಳಬೇಕು. ಎಪ್ಪತ್ತರ ವಯಸ್ಸಿನವರಲ್ಲಿ ಎಷ್ಟು ಮಂದಿ ನೋಡಿಯಾರು?

ಈ ಆರು ತಿಂಗಳ ಸುತ್ತ ಕನ್ನಡದ ಮಧ್ಯಮ ವರ್ಗ ಒಂದು ಬದುಕಿನ ಕ್ರಮವನ್ನೇ ಕಟ್ಟಿಕೊಂಡಿದೆ. ಹೆರಿಗೆಗೆ ತಿಂಗಳಿರುವಾಗ ಹೊರಡುವ ತಾಯಿ ಬಾಣಂತನ ಮುಗಿಸಿ, ಮಗುವಿಗೆ ಐದು ತಿಂಗಳು ತುಂಬುವ ಹೊತ್ತಿಗೆ ಹಿಂದಿರುಗುತ್ತಾರೆ. ಅವರು ಹೊರಡುವ ಮುನ್ನವೇ ಬೀಗರು ಬಂದಿಳಿದಿರುತ್ತಾರೆ. ಅವರ ಆರು ತಿಂಗಳು ಮುಗಿದೊಡನೆ ಮತ್ತೆ ಇವರ ಸರದಿ. ಇದನ್ನು ಪ್ರವಾಸ ಎನ್ನುವುದು ಕಷ್ಟ. ನಯಾಗರ ಜಲಪಾತವನ್ನು ಒಂದು ವಾರಾಂತ್ಯದಲ್ಲಿ ನೋಡಿ ಮುಗಿಸುತ್ತಾರೆ, ಉಳಿದ ದಿನಗಳೆಲ್ಲ ಅಡುಗೆಮನೆ ಮತ್ತು ತೊಟ್ಟಿಲಿನ ನಡುವೆ ಕಳೆಯುತ್ತವೆ.

ಇಲ್ಲಿಯೇ ತೊಡಕು ಇರುವುದು. ಹಿಂದಿರುಗಿದವರು ಮತ್ತೆ ಎಷ್ಟು ದಿನಗಳ ನಂತರ ಹೋಗಬಹುದು ಎಂಬುದಕ್ಕೆ ಅಮೆರಿಕದ ಕಾನೂನಿನಲ್ಲಿ ಅಂಕಿ ಇಲ್ಲ. 'ಆರು ತಿಂಗಳು ಅಲ್ಲಿದ್ದರೆ ಆರು ತಿಂಗಳು ಇಲ್ಲಿರಬೇಕು' ಎಂಬ ಮಾತು ಬೆಂಗಳೂರಿನ ಮದುವೆ ಮನೆಗಳಲ್ಲಿ ಶಾಸನದಂತೆ ಚಲಾವಣೆಯಲ್ಲಿದ್ದರೂ ಅದು ಬರೀ ರೂಢಿಯ ಮಾತು. ಈತ ನಿಜಕ್ಕೂ ಭೇಟಿಗೆ ಬಂದವನೇ, ಅಥವಾ ಭೇಟಿಯ ನೆಪದಲ್ಲಿ ಇಲ್ಲಿಯೇ ವಾಸಿಸುತ್ತಿದ್ದಾನೆಯೇ ಎಂಬುದಷ್ಟೇ ಅಧಿಕಾರಿಯ ಪ್ರಶ್ನೆ. ಎರಡು ತಿಂಗಳಲ್ಲಿ ಮರಳಿ ಬಂದವರನ್ನು ಒಬ್ಬ ಅಧಿಕಾರಿ ನಗುತ್ತ ಒಳಗೆ ಬಿಡಬಹುದು. ಐದು ತಿಂಗಳ ನಂತರ ಬಂದವರನ್ನು ಇನ್ನೊಬ್ಬ ಪಕ್ಕದ ಕೋಣೆಯಲ್ಲಿ ಕೂರಿಸಬಹುದು. ಕನ್ನಡದಲ್ಲಿ 'ಮೊಮ್ಮಗುವನ್ನು ನೋಡಲು' ಎನ್ನುವುದಕ್ಕೂ 'ನೋಡಿಕೊಳ್ಳಲು' ಎನ್ನುವುದಕ್ಕೂ ಇರುವುದು ಒಂದು ಪ್ರತ್ಯಯದ ಅಂತರ. ಅಜ್ಜಿಗೆ ಎರಡೂ ಒಂದೇ. ಅಧಿಕಾರಿಯ ಕಿವಿಗೆ ಮೊದಲನೆಯದು ಪ್ರವಾಸ, ಎರಡನೆಯದು ಸಂಬಳವಿಲ್ಲದ ದುಡಿಮೆ ಎಂದು ಕೇಳಿಸುವ ಸಾಧ್ಯತೆಯಿದೆ.

ಪ್ರವೇಶದ ವಿಷಯದಲ್ಲಿ ಹೀಗೆ ಅಸ್ಪಷ್ಟವಾದ ಕಾನೂನು ಶಿಕ್ಷೆಯ ವಿಷಯದಲ್ಲಿ ಮಾತ್ರ ಕರಾರುವಾಕ್ಕಾಗಿದೆ. 1996ರ ಕಾಯ್ದೆಯ ಪ್ರಕಾರ, ಅನುಮತಿಸಿದ ದಿನಾಂಕವನ್ನು ಒಂದು ದಿನ ಮೀರಿದರೂ ಹತ್ತು ವರ್ಷದ ಆ ವೀಸಾ ರದ್ದಾಗುತ್ತದೆ. 180 ದಿನಕ್ಕಿಂತ ಹೆಚ್ಚು ಕಾಲ ಅಕ್ರಮವಾಗಿ ಉಳಿದು ಹೊರಟರೆ ಮೂರು ವರ್ಷ, ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಉಳಿದರೆ ಹತ್ತು ವರ್ಷ ಪ್ರವೇಶ ನಿಷೇಧ. ಅನಾರೋಗ್ಯದಂಥ ಕಾರಣವಿದ್ದರೆ ಅವಧಿ ಮುಗಿಯುವ ಮೊದಲೇ ವಿಸ್ತರಣೆ ಕೋರಬಹುದು, ಆದರೆ ತೀರ್ಮಾನ ಬರಲು ತಿಂಗಳುಗಳೇ ಹಿಡಿಯುತ್ತವೆ. ಕೆನಡಾಕ್ಕೋ ಮೆಕ್ಸಿಕೊಗೋ ನಾಲ್ಕು ದಿನ ಹೋಗಿ ಬಂದರೆ ಲೆಕ್ಕ ಹೊಸದಾಗಿ ಆರಂಭವಾಗುತ್ತದೆಂಬ ನಂಬಿಕೆಯೂ ಅಪಾಯಕಾರಿ; ಅಂಥ ಕಿರು ಪ್ರವಾಸದಿಂದ ಮರಳಿದವರಿಗೆ ಹಳೆಯ ದಿನಾಂಕವೇ ಮುಂದುವರಿಯಬಹುದು. 2025ರ ಮೇ ತಿಂಗಳಲ್ಲಿ ದೆಹಲಿಯ ಅಮೆರಿಕದ ರಾಯಭಾರ ಕಚೇರಿಯು, ಅವಧಿ ಮೀರಿ ಉಳಿದವರು ಗಡೀಪಾರು ಮತ್ತು ಶಾಶ್ವತ ನಿಷೇಧವನ್ನು ಎದುರಿಸಬೇಕಾಗಬಹುದು ಎಂದು ಬಹಿರಂಗವಾಗಿ ಎಚ್ಚರಿಸಿತ್ತು.

ಈಗಿರುವ ಆರು ತಿಂಗಳೂ ಒಮ್ಮೆ ಕೈತಪ್ಪುವುದರಲ್ಲಿತ್ತು. 2001ರ ಸೆಪ್ಟೆಂಬರ್ ದಾಳಿ ನಡೆದು ಸರಿಯಾಗಿ ಆರು ತಿಂಗಳಾದಾಗ, ಸತ್ತುಹೋಗಿದ್ದ ಇಬ್ಬರು ವಿಮಾನ ಅಪಹರಣಕಾರರ ವಿದ್ಯಾರ್ಥಿ ವೀಸಾ ಮಂಜೂರಾಗಿದೆ ಎಂಬ ಪತ್ರಗಳು ಫ್ಲಾರಿಡಾದ ವಿಮಾನ ಚಾಲನಾ ಶಾಲೆಗೆ ತಲುಪಿದವು. ನಗೆಪಾಟಲಿಗೀಡಾದ ವಲಸೆ ಇಲಾಖೆ, 2002ರ ಏಪ್ರಿಲ್‌ನಲ್ಲಿ ಆರು ತಿಂಗಳ ಕನಿಷ್ಠ ಅವಧಿಯನ್ನೇ ತೆಗೆದುಹಾಕಿ, ಉದ್ದೇಶ ಸ್ಪಷ್ಟವಿಲ್ಲದವರಿಗೆ 30 ದಿನ ಮಾತ್ರ ಕೊಡುವ ಪ್ರಸ್ತಾವ ಮುಂದಿಟ್ಟಿತು. ಅದು ಅಂತಿಮ ನಿಯಮವಾಗಲಿಲ್ಲ. ಇಲಾಖೆಯ ಮುಜುಗರಕ್ಕೆ ಪ್ರವಾಸಿ ದಂಡ ತೆರುವ ಪರಿಪಾಟ ಮಾತ್ರ ಉಳಿಯಿತು.

ಈ ವಿಷಯದಲ್ಲಿ ನಾವು ಅಮೆರಿಕಕ್ಕೆ ಬುದ್ಧಿ ಹೇಳುವ ಸ್ಥಿತಿಯಲ್ಲೂ ಇಲ್ಲ. ಮುಂಬೈ ದಾಳಿಗೆ ಸ್ಥಳ ಪರಿಶೀಲಿಸಿ ಹೋಗಿದ್ದ ಡೇವಿಡ್ ಹೆಡ್ಲಿ 2009ರ ಅಕ್ಟೋಬರ್‌ನಲ್ಲಿ ಷಿಕಾಗೊದಲ್ಲಿ ಸೆರೆಸಿಕ್ಕ ಬಳಿಕ, ಪ್ರವಾಸಿ ವೀಸಾದವರು ಎರಡು ಭೇಟಿಗಳ ನಡುವೆ ಎರಡು ತಿಂಗಳು ಭಾರತದ ಹೊರಗಿರಬೇಕೆಂದು ನಮ್ಮ ಸರ್ಕಾರ ಆಜ್ಞಾಪಿಸಿತು. ಹೆಡ್ಲಿ ಬಳಸಿದ್ದುದು ವ್ಯವಹಾರ ವೀಸಾ. ದಾಳಿಕೋರರಂತೂ ವೀಸಾ ಇಲ್ಲದೆ ಸಮುದ್ರದಿಂದ ಬಂದವರು. ಆಗ ವಿದೇಶಾಂಗ ಖಾತೆಯ ರಾಜ್ಯ ಸಚಿವರಾಗಿದ್ದ ಶಶಿ ತರೂರ್ ಇದನ್ನೇ ಟ್ವಿಟರ್‌ನಲ್ಲಿ ಎತ್ತಿದಾಗ, ಅವರ ಹಿರಿಯ ಸಚಿವ ಎಸ್.ಎಂ. ಕೃಷ್ಣ ಅವರು ಭಿನ್ನಾಭಿಪ್ರಾಯಗಳನ್ನು ಸರ್ಕಾರದ ಒಳಗೇ ಬಗೆಹರಿಸಿಕೊಳ್ಳಬೇಕೆಂದರು. ಪೆಟ್ಟು ತಿಂದವರು ಭಾರತದಿಂದ ನೇಪಾಳಕ್ಕೋ ಶ್ರೀಲಂಕಾಕ್ಕೋ ಹೋಗಿ ಮರಳುತ್ತಿದ್ದ ಸಾಮಾನ್ಯ ಪ್ರವಾಸಿಗಳು. 2012ರ ಕೊನೆಯಲ್ಲಿ ಪಾಕಿಸ್ತಾನ, ಚೀನಾ, ಬಾಂಗ್ಲಾದೇಶ ಮೊದಲಾದ ಕೆಲವು ದೇಶಗಳವರನ್ನು ಬಿಟ್ಟು ಉಳಿದವರಿಗೆ ನಿಯಮ ಸಡಿಲವಾಯಿತು.

ಆ ನಿಯಮ ಅವಿವೇಕದ್ದಾಗಿದ್ದರೂ ಅದರಲ್ಲಿ ಒಂದು ಗುಣವಿತ್ತು: ಬರೆದಿಟ್ಟದ್ದಾದ್ದರಿಂದ ಅದನ್ನು ಪ್ರಶ್ನಿಸಲು ಸಾಧ್ಯವಾಯಿತು. ಯುರೋಪಿನ ಷೆಂಗೆನ್ ದೇಶಗಳ ಲೆಕ್ಕವೂ ಹಾಗೆಯೇ ಬರೆದಿಟ್ಟದ್ದು. ಯಾವ ದಿನದಿಂದ ಹಿಂದಕ್ಕೆ ಎಣಿಸಿದರೂ 180 ದಿನಗಳಲ್ಲಿ ಒಟ್ಟು 90 ದಿನ ಮೀರುವಂತಿಲ್ಲ. ಜಿಪುಣ ಲೆಕ್ಕವೇ ಹೌದು. ಆದರೂ ಕ್ಯಾಲೆಂಡರ್ ಹಿಡಿದು ಕುಳಿತರೆ ಯಾರು ಬೇಕಾದರೂ ತಮ್ಮ ಸ್ಥಿತಿಯನ್ನು ತಿಳಿದುಕೊಳ್ಳಬಹುದು. 2025ರ ಅಕ್ಟೋಬರ್ 12ರಿಂದ ಅಲ್ಲಿ ಜಾರಿಗೆ ಬರತೊಡಗಿದ ಪ್ರವೇಶ ನಿರ್ಗಮನ ವ್ಯವಸ್ಥೆಯಲ್ಲಿ ಈ ಎಣಿಕೆಯನ್ನು ಯಂತ್ರವೇ ಮಾಡುತ್ತದೆ. ಬರೆಯದ ನಿಯಮಕ್ಕಿಂತ ಬರೆದ ಕಠಿಣ ನಿಯಮವೇ ವಾಸಿ ಎನ್ನಲು ನಾನು ಹಿಂಜರಿಯುವುದಿಲ್ಲ.

ಇಷ್ಟಕ್ಕೂ ನಮ್ಮ ಹಿರಿಯರು ಪ್ರವಾಸಿ ವೀಸಾಕ್ಕೆ ಜೋತುಬಿದ್ದಿರುವುದು ಏಕೆ? ಎಚ್-1ಬಿ ವೀಸಾದಲ್ಲಿರುವ ಮಗಳಿಗೆ ಹೆತ್ತವರನ್ನು ಕರೆಸಿಕೊಂಡು ನೆಲೆಗೊಳಿಸುವ ಹಕ್ಕಿಲ್ಲ. ಆ ಹಕ್ಕು ಬರುವುದು ಅಮೆರಿಕದ ಪೌರತ್ವ ಪಡೆದ ಮೇಲೆ. ಪೌರತ್ವಕ್ಕೆ ಮುನ್ನ ಗ್ರೀನ್ ಕಾರ್ಡ್ ಬೇಕು. ಒಂದು ದೇಶದವರಿಗೆ ಶೇ 7ರ ಮಿತಿ ಇರುವುದರಿಂದ ಭಾರತೀಯ ಉದ್ಯೋಗಿಗಳ ಸರದಿ ದಶಕಗಳಷ್ಟು ಉದ್ದವಾಗಿದೆ. ಅಷ್ಟರಲ್ಲಿ ಮೊಮ್ಮಕ್ಕಳು ಕಾಲೇಜು ಸೇರಿರುತ್ತಾರೆ. ಕೆಲವರಿಗೆ ಅಲ್ಲಿ ನೆಲೆಸುವ ಮನಸ್ಸೂ ಇರುವುದಿಲ್ಲ. ಅವರಿಗೆ ಬೇಕಾಗಿರುವುದು ಅಳುಕಿಲ್ಲದೆ ಹೋಗಿಬರುವ ದಾರಿ.

ಅಂಥ ದಾರಿಯನ್ನು ಪಕ್ಕದ ಕೆನಡಾ ಮಾಡಿ ತೋರಿಸಿದೆ. 2011ರ ಡಿಸೆಂಬರ್‌ನಲ್ಲಿ ಆರಂಭವಾದ ಅಲ್ಲಿನ 'ಸೂಪರ್ ವೀಸಾ' ತಂದೆ, ತಾಯಿ, ಅಜ್ಜ, ಅಜ್ಜಿಯರಿಗೆಂದೇ ಇರುವಂಥದ್ದು. ಮೊದಲು ಒಂದು ಭೇಟಿಗೆ ಎರಡು ವರ್ಷವಿದ್ದ ವಾಸದ ಅವಧಿಯನ್ನು 2022ರ ಜುಲೈನಲ್ಲಿ ಐದು ವರ್ಷಕ್ಕೆ ಏರಿಸಲಾಯಿತು. ಮಕ್ಕಳಿಗೆ ನಿಗದಿತ ಆದಾಯವಿರಬೇಕು, ಹಿರಿಯರಿಗೆ ಆರೋಗ್ಯ ವಿಮೆ ಇರಬೇಕು. ಸರ್ಕಾರದ ಬೊಕ್ಕಸಕ್ಕೆ ಹೊರೆಯಾಗದಂತೆ, ಅಜ್ಜಿ ಮೊಮ್ಮಗುವಿನ ಜೊತೆಗಿರುವುದನ್ನು ಆ ದೇಶ ವೀಸಾದ ಒಂದು ಉದ್ದೇಶವೆಂದೇ ಒಪ್ಪಿಕೊಂಡಿದೆ.

ವಾಷಿಂಗ್ಟನ್ ಜೊತೆಗಿನ ಮಾತುಕತೆಗಳಲ್ಲಿ ನಮ್ಮ ನಿಯೋಗಗಳು ಎಚ್-1ಬಿ ಸಂಖ್ಯೆಗಾಗಿ ಪಟ್ಟುಹಿಡಿಯುವುದು ಹಳೆಯ ರೂಢಿ. ಅದರ ಹಿಂದೆ ಸಾಫ್ಟ್‌ವೇರ್ ಕಂಪನಿಗಳ ಒತ್ತಡವಿರುತ್ತದೆ. ಆ ಉದ್ಯೋಗಿಗಳ ಹೆತ್ತವರಿಗೆ ಅಂಥ ಬಲವಿಲ್ಲ. ಭಾರತ ತನ್ನ ಮೂಲದ ವಿದೇಶಿ ಪೌರರಿಗೆ ಒಸಿಐ ಕಾರ್ಡಿನ ಮೂಲಕ ಜೀವನಪರ್ಯಂತ ಬಂದುಹೋಗುವ ಸೌಲಭ್ಯ ನೀಡಿದೆ. ಅಮೆರಿಕದಲ್ಲಿ ಹುಟ್ಟಿದ ಮೊಮ್ಮಗ ಬೆಂಗಳೂರಿಗೆ ಬರಲು ಯಾವ ದಿನಗಳ ಲೆಕ್ಕವನ್ನೂ ಇಡಬೇಕಿಲ್ಲ. ಅವನ ಅಜ್ಜಿಗೂ ಒಂದು ಪೋಷಕರ ವೀಸಾ ಬೇಕೆಂದು, ಅದು ಆಗುವವರೆಗೆ ಮರುಪ್ರವೇಶದ ಅಂತರವನ್ನಾದರೂ ಲಿಖಿತವಾಗಿ ಪ್ರಕಟಿಸಬೇಕೆಂದು ಕೇಳಲು ವಿದೇಶಾಂಗ ಸಚಿವಾಲಯಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇಕಿಲ್ಲ.