ಸರ್ವರ್ ಚಾಲನೆಯೂ ಬಳಗದ ಕೆಲಸವೇ

ಹೊರನಾಡಿನ ಕನ್ನಡ ಬಳಗಗಳ ಬರಹ ಇಂದು ಸ್ಮರಣ ಸಂಚಿಕೆಗಳಿಗಿಂತ ಹೆಚ್ಚಾಗಿ ಜಾಲತಾಣಗಳಲ್ಲಿದೆ. ಸಂಚಿಕೆಯ ಪ್ರತಿಗಳು ಹತ್ತಾರು ಮನೆಗಳ ಕಪಾಟುಗಳಲ್ಲಿ ಉಳಿದುಕೊಳ್ಳುತ್ತವೆ. ಜಾಲತಾಣ ಓದುಗರಿಗೆ ಸಿಗುವುದು ಅದರ ಸರ್ವರ್ ಓಡುತ್ತಿರುವವರೆಗೆ ಮಾತ್ರ. ಅದನ್ನು ಸ್ಥಾಪಿಸಿ ನಡೆಸುವ ವಿದ್ಯೆಯಾದರೋ ಸಾಮಾನ್ಯವಾಗಿ ಒಬ್ಬ ಎಂಜಿನಿಯರ್ ಸದಸ್ಯನಿಗೆ ಮಾತ್ರ ಗೊತ್ತಿರುತ್ತದೆ. ಆತ ಹಿಂಜವಡಿಯ ಕೆಲಸ ಬಿಟ್ಟು ಬೇರೆ ಊರಿಗೆ ಹೊರಟರೆ ಬಳಗದ ಬರಹದ ಬೀಗದ ಕೈಯೂ ಆತನೊಂದಿಗೇ ಹೋಗುತ್ತದೆ.

ಉಚಿತ ತಾಣಗಳಿರುವಾಗ ಈ ಚಿಂತೆಯೇಕೆ ಎನ್ನುವವರಿದ್ದಾರೆ. ಜಿಯೊಸಿಟೀಸ್ 2009ರಲ್ಲಿ, ಆರ್ಕುಟ್ 2014ರಲ್ಲಿ, ಯಾಹೂ ಗ್ರೂಪ್ಸ್ 2020ರಲ್ಲಿ ಮುಚ್ಚಿದವು. ಪರರ ಜಗುಲಿಯಲ್ಲಿ ಕೂತವರು, ಏಳಿ ಎಂದಾಗ ಏಳಲೇಬೇಕು.

ಕಮಾಂಡ್ ಲೈನಿನ ಕಪ್ಪು ಪರದೆ ನೋಡಲು ಭಯ ಹುಟ್ಟಿಸುತ್ತದೆ, ನಿಜ. ಆದರೆ ಅಲ್ಲಿ ಮಾಡಬೇಕಾದ ಕೆಲಸ ಕೆಲವೇ ಸಾಲುಗಳದು. ಲಿನಕ್ಸ್ ಯಂತ್ರದಲ್ಲಿ ಎಂಜಿನ್‌ಎಕ್ಸ್‌ನಂಥ ಸರ್ವರ್ ತಂತ್ರಾಂಶವನ್ನು ಸ್ಥಾಪಿಸಬೇಕು. ಅದರ ಸಂರಚನಾ ಕಡತದಲ್ಲಿ ತಪ್ಪಿಲ್ಲವೆಂದು ಪರೀಕ್ಷಿಸಬೇಕು. ಬಳಿಕ 'ಸ್ಟಾರ್ಟ್' ಆಜ್ಞೆ ಕೊಡಬೇಕು. ಇಲ್ಲಿ ಹಲವರು ಎಡವುವುದುಂಟು. 'ಸ್ಟಾರ್ಟ್' ಎಂದರೆ ಈಗ ಪ್ರಾರಂಭಿಸು ಎಂದಷ್ಟೇ ಅರ್ಥ. ಯಂತ್ರ ಆರಿ ಮತ್ತೆ ಹೊತ್ತಿಕೊಂಡಾಗ ತಾನಾಗಿ ಏಳಬೇಕಾದರೆ 'ಎನೇಬಲ್' ಎಂಬ ಬೇರೆ ಆಜ್ಞೆ ಬೇಕು.

ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಮೈಎಸ್‌ಕ್ಯೂಎಲ್ ದತ್ತಸಂಚಯದ ಹಳೆಯ ಆವೃತ್ತಿಗಳು, ಬೇರೇನೂ ಹೇಳದಿದ್ದರೆ, ಲ್ಯಾಟಿನ್-1 ಲಿಪಿಸಂಕೇತವನ್ನೇ ಹಿಡಿಯುತ್ತಿದ್ದವು. ಅದರಲ್ಲಿ ಕನ್ನಡಕ್ಕೆ ಎಡೆಯಿಲ್ಲ. ಬರೆದ ಪ್ರಬಂಧ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿಬಿಡಬಹುದು. ಯುಟಿಎಫ್-8ರ ಪೂರ್ಣರೂಪ ಅಲ್ಲಿ ಸಹಜ ಆಯ್ಕೆಯಾದದ್ದು 2018ರ 8.0 ಆವೃತ್ತಿಯಿಂದ. ಕನ್ನಡ ಓದಬಲ್ಲ ಕಣ್ಣು ಆ ಪರದೆಯ ಮುಂದಿದ್ದರೆ ಇಂಥ ಲೋಪ ಮೊದಲ ದಿನವೇ ಸಿಕ್ಕಿಬೀಳುತ್ತದೆ.

ಸಾಹಿತ್ಯದವರಿಗೆ ಇದೆಲ್ಲ ಏಕೆಂಬ ಪ್ರಶ್ನೆ ಏಳಬಹುದು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನೇ ನಡೆಸಿದರು. ಅಚ್ಚಿನ ಕೆಲಸ ಬರಹಗಾರನ ಘನತೆಗೆ ಕುಂದೆಂದು ಅವರು ಎಣಿಸಲಿಲ್ಲ. ನಾವಿರುವ ಪುಣೆಯ ಉದಾಹರಣೆಯೂ ಇದೆ. ಕನ್ನಡವೂ ಸೇರಿ ಭಾರತೀಯ ಲಿಪಿಗಳನ್ನು ಸಾಮಾನ್ಯ ಗಣಕಗಳಿಗೆ ತಂದ ಜಿಸ್ಟ್ ತಂತ್ರಜ್ಞಾನ ಕಾನ್ಪುರದ ಐಐಟಿಯಲ್ಲಿ ಮೊದಲುಗೊಂಡು, 1988ರಲ್ಲಿ ಇಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್‌ನಲ್ಲಿ ಬೆಳೆಯಿತು. ಲಿಪಿಯ ಹಂಗಿಲ್ಲದ ಯಂತ್ರಕ್ಕೆ ಲಿಪಿ ಕಲಿಸಿದ ಊರಿನಲ್ಲಿದ್ದು ನಾವು ನಾಲ್ಕು ಆಜ್ಞೆಗಳಿಗೆ ಹಿಂಜರಿಯುವುದು ತರವಲ್ಲ.

ಆದುದರಿಂದ ನನ್ನ ಸಲಹೆ ಇಷ್ಟು. ಪ್ರತಿಯೊಂದು ಬಳಗವೂ ತನ್ನ ಸರ್ವರಿನ ಸ್ಥಾಪನೆ, ಪ್ರಾರಂಭ ಮತ್ತು ನಕಲು ತೆಗೆದಿಡುವ ಕ್ರಮವನ್ನು ಕನ್ನಡದಲ್ಲಿ ಹಂತಹಂತವಾಗಿ ಬರೆದು ಕಾಗದದ ಮೇಲೂ ಇಟ್ಟುಕೊಳ್ಳಲಿ. ವರ್ಷಕ್ಕೊಮ್ಮೆ, ಎಂಜಿನಿಯರ್ ಅಲ್ಲದ ಸದಸ್ಯರೊಬ್ಬರು ಆ ಬರಹವನ್ನಷ್ಟೇ ನೋಡಿಕೊಂಡು ಬೇರೊಂದು ಗಣಕದಲ್ಲಿ ತಾಣವನ್ನು ಎಬ್ಬಿಸಿ ತೋರಿಸಲಿ. ಅವರು ತಡವರಿಸಿದಲ್ಲಿ ತಿದ್ದಬೇಕಾದದ್ದು ಆ ಬರಹವನ್ನು.