ದೀಪ ಉರಿಸದಿದ್ದರೂ ಬರುವ ಬಿಲ್ಲು

ಪ್ರತಿ ತಿಂಗಳೂ ಮೀಟರ್ ಓದುವವರು ಕೊಟ್ಟು ಹೋಗುವ ಉದ್ದನೆಯ ಚೀಟಿಯಲ್ಲಿ ಮಲೆನಾಡಿನ ಹೆಚ್ಚಿನ ಮನೆಗಳು ನೋಡುವುದು ಕೊನೆಯ ಸಾಲನ್ನು ಮಾತ್ರ. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದ ಮೇಲೆ ಅನೇಕರ ಬಿಲ್ಲಿನ ಆ ಸಾಲಿನಲ್ಲಿ ಸೊನ್ನೆ ಬಿದ್ದಿದ್ದರಿಂದ ಉಳಿದದ್ದನ್ನು ಓದುವ ಅಗತ್ಯವೇ ಇಲ್ಲವಾಯಿತು. ಆದರೆ ಸೊನ್ನೆಯ ಮೇಲಿರುವ ಎರಡು ಸಾಲುಗಳಲ್ಲಿ ಕಳೆದ ಕೆಲವು ವರ್ಷಗಳಿಂದ ಸದ್ದಿಲ್ಲದೆ ಒಂದು ಬದಲಾವಣೆ ನಡೆದಿದೆ. ಅದರ ಪರಿಣಾಮ ಸಣ್ಣ ಮನೆಗಳ ಮೇಲೂ ಸಹ್ಯಾದ್ರಿಯ ಕಣಿವೆಗಳ ಮೇಲೂ ಒಟ್ಟಿಗೇ ಆಗುತ್ತದೆ. ಆ ಸಾಲುಗಳೆಂದರೆ ನಿಗದಿತ ಶುಲ್ಕ ಮತ್ತು ಬಳಕೆಯ ಶುಲ್ಕ.

ಬಳಕೆಯ ಶುಲ್ಕ ಎಲ್ಲರಿಗೂ ಅರ್ಥವಾಗುವಂಥದು. ಎಷ್ಟು ಯೂನಿಟ್ ಉರಿಸಿದರೋ ಅಷ್ಟಕ್ಕೆ ಹಣ. ನಿಗದಿತ ಶುಲ್ಕ ಹಾಗಲ್ಲ. ಸಂಪರ್ಕ ಪಡೆಯುವಾಗ ಮನೆಗೆ ಮಂಜೂರಾದ ಲೋಡ್ ಎಷ್ಟು ಕಿಲೋವಾಟ್ ಎಂಬುದರ ಮೇಲೆ ಅದು ನಿಂತಿದೆ. ಯೂನಿಟ್ ಎಂಬುದು ಬಳಸಿದ ವಿದ್ಯುತ್ತಿನ ಅಳತೆ; ಕಿಲೋವಾಟ್ ಎಂಬುದು ಒಂದೇ ಹೊತ್ತಿಗೆ ಎಷ್ಟು ಬಳಸಬಹುದೆಂಬುದರ ಅಳತೆ. ಹಂಡೆಯಲ್ಲಿ ಎಷ್ಟು ನೀರು ತುಂಬಿತು ಎಂಬುದು ಮೊದಲನೆಯದಾದರೆ, ನಲ್ಲಿಯ ಕೊಳವೆ ಎಷ್ಟು ದಪ್ಪ ಎಂಬುದು ಎರಡನೆಯದು. ತಿಂಗಳಿಡೀ ಮನೆಗೆ ಬೀಗ ಹಾಕಿದ್ದರೂ ಕೊಳವೆಯ ದಪ್ಪಕ್ಕೆ ಹಣ ಕೊಡಲೇಬೇಕು.

ಸ್ಥಿರ ದರವೋ, ಬದಲಾಗುವ ದರವೋ ಎಂದು ಕೇಳಿದರೆ ಯಾರಾದರೂ ಸ್ಥಿರವಾದುದನ್ನೇ ಆರಿಸಿಕೊಂಡಾರು. ಅಡಿಕೆಯ ಧಾರಣೆ, ಕಾಫಿಯ ಧಾರಣೆಗಳ ಏರಿಳಿತದಲ್ಲೇ ಬದುಕುವ ಬೆಟ್ಟದ ಜನರಿಗೆ ಸ್ಥಿರ ಎಂಬ ಮಾತು ಭರವಸೆಯಂತೆ ಕೇಳಿಸುವುದು ಸಹಜ. ವಿದ್ಯುತ್ ಬಿಲ್ಲಿನ ವಿಷಯದಲ್ಲಿ ಮಾತ್ರ ಆ ಭರವಸೆ ತಿರುಗುಮುರುಗಾಗಿದೆ. ಮಿತವಾಗಿ ಬಳಸುವ ಮನೆಗೆ ಭಾರವಾಗುವುದು ಸ್ಥಿರವಾದ ಭಾಗವೇ.

ಕಿತ್ತುಹಾಕಿದ ಏಣಿ

2022ರಲ್ಲಿ ಕರ್ನಾಟಕದ ಗೃಹಬಳಕೆಯ ದರಕ್ಕೆ ನಾಲ್ಕು ಮೆಟ್ಟಿಲುಗಳಿದ್ದವು. ಮೊದಲ 50 ಯೂನಿಟ್‌ಗಳಿಗೆ ತಲಾ 4.15 ರೂಪಾಯಿ, ಅಲ್ಲಿಂದ ಏರುತ್ತ ಹೋಗಿ 200 ಯೂನಿಟ್ ಮೀರಿದ ಬಳಕೆಗೆ 8.20 ರೂಪಾಯಿ. ಹೆಚ್ಚು ಉರಿಸಿದಷ್ಟೂ ದರ ಹೆಚ್ಚು ಎಂಬ ನೀತಿ ಅದರಲ್ಲಿತ್ತು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ 2023ರ ಆದೇಶದಲ್ಲಿ ಮೆಟ್ಟಿಲುಗಳು ಎರಡಕ್ಕಿಳಿದವು. 100 ಯೂನಿಟ್ ಒಳಗಿನವರಿಗೆ 4.75 ರೂಪಾಯಿ, ಅದನ್ನು ಮೀರಿದರೆ ಬಳಸಿದ ಎಲ್ಲ ಯೂನಿಟ್‌ಗಳಿಗೂ 7 ರೂಪಾಯಿ. 2024ರ ಆದೇಶ ಏಣಿಯನ್ನೇ ತೆಗೆದುಹಾಕಿ ಎಲ್ಲರಿಗೂ 5.90 ರೂಪಾಯಿ ಎಂದಿತು. 2025ರ ಮಾರ್ಚ್ ತಿಂಗಳ ಆದೇಶ 2025-26ನೇ ಸಾಲಿಗೆ ಯೂನಿಟ್ ದರವನ್ನು ಹತ್ತು ಪೈಸೆ ಇಳಿಸಿ 5.80 ಮಾಡಿತು, ಅದೇ ಕೈಯಲ್ಲಿ ನಿಗದಿತ ಶುಲ್ಕವನ್ನು ಕಿಲೋವಾಟಿಗೆ 120 ರೂಪಾಯಿಯಿಂದ 145 ರೂಪಾಯಿಗೆ ಏರಿಸಿತು. 2023ರಲ್ಲಿ ಅದು 110 ರೂಪಾಯಿ ಇತ್ತು.

ಎರಡು ಮನೆಗಳ ಲೆಕ್ಕ ಹಾಕಿ ನೋಡಿದರೆ ಇದರ ಅರ್ಥ ತಿಳಿಯುತ್ತದೆ. ಒಂದು, 2 ಕಿಲೋವಾಟ್ ಲೋಡ್ ಇರುವ, ತಿಂಗಳಿಗೆ 30 ಯೂನಿಟ್ ಬಳಸುವ ಬೆಟ್ಟದ ಮನೆ. ಸ್ನಾನದ ನೀರು ಬಚ್ಚಲ ಒಲೆಯಲ್ಲಿ ಕಾಯುತ್ತದೆ. ಕುಡಿಯುವ ನೀರು ಅಬ್ಬಿಯಿಂದ ಪೈಪಿನಲ್ಲಿ ತಾನಾಗಿ ಇಳಿದುಬರುತ್ತದೆ. ಇನ್ನೊಂದು, 3 ಕಿಲೋವಾಟ್ ಲೋಡ್ ಇರುವ, 300 ಯೂನಿಟ್ ಬಳಸುವ ನಗರದ ಮನೆ. ತೆರಿಗೆ ಮತ್ತಿತರ ಸೇರ್ಪಡೆಗಳನ್ನು ಬಿಟ್ಟು, ಯಾವ ರಿಯಾಯಿತಿಯೂ ಇಲ್ಲವೆಂದುಕೊಂಡರೆ, 2023ರ ದರದಲ್ಲಿ ಮೊದಲ ಮನೆಯ ಬಿಲ್ಲು 362 ರೂಪಾಯಿ 50 ಪೈಸೆ. 2025-26ರ ದರದಲ್ಲಿ 464 ರೂಪಾಯಿ. ಎರಡನೆಯ ಮನೆಯ ಬಿಲ್ಲು 2023ರಲ್ಲಿ 2,430 ರೂಪಾಯಿ ಇದ್ದದ್ದು 2025-26ರಲ್ಲಿ 2,175ಕ್ಕೆ ಇಳಿಯಿತು. ಮೂವತ್ತು ಯೂನಿಟ್ ಬಳಸಿದವರಿಗೆ ನೂರು ರೂಪಾಯಿಗೂ ಹೆಚ್ಚಿನ ಏರಿಕೆ. ಮುನ್ನೂರು ಯೂನಿಟ್ ಬಳಸಿದವರಿಗೆ 255 ರೂಪಾಯಿಯ ಇಳಿಕೆ. ಎಲ್ಲವನ್ನೂ ಕೂಡಿಸಿ ಯೂನಿಟ್‌ಗೆ ಹಂಚಿದರೆ ಬೆಟ್ಟದ ಮನೆಗೆ ಬೀಳುವುದು ಸುಮಾರು ಹದಿನೈದೂವರೆ ರೂಪಾಯಿ. ನಗರದ ಮನೆಗೆ ಏಳೂಕಾಲು.

ಬೆಟ್ಟದ ಮನೆ ಇನ್ನೂ ಮಿತವ್ಯಯ ಮಾಡಿ ಬಳಕೆಯನ್ನು 15 ಯೂನಿಟ್‌ಗೆ ಇಳಿಸಿತೆನ್ನೋಣ. ಆಗಲೂ ಬಿಲ್ಲು 377 ರೂಪಾಯಿ. ಬಳಕೆ ಅರ್ಧವಾದರೂ ಬಿಲ್ಲಿನಲ್ಲಿ ಐದನೆಯ ಒಂದು ಪಾಲೂ ಇಳಿಯುವುದಿಲ್ಲ. ವಿದ್ಯುತ್ ಉಳಿಸಿರೆಂದು ಶಾಲೆಯ ಗೋಡೆಯ ಮೇಲೆ ಬರೆಸುವ ವ್ಯವಸ್ಥೆಯೇ ಉಳಿಸಿದವರಿಗೆ ದೊರೆಯುವ ಪ್ರತಿಫಲವನ್ನು ಹೀಗೆ ಕಡಿಮೆ ಮಾಡಿದೆ. ಹೆಂಚಿನ ಮೇಲೆ ಸೌರಫಲಕ ಹಾಕಿಸಿಕೊಂಡವರಿಗೂ, ಹಳ್ಳದ ನೀರಿನಿಂದ ಒಂದು ಕಿಲೋವಾಟಿನ ಪುಟ್ಟ ಟರ್ಬೈನ್ ತಿರುಗಿಸಿಕೊಂಡು ಬೇಸಿಗೆಯಲ್ಲಷ್ಟೇ ಕಂಬದ ತಂತಿಯನ್ನು ಆಶ್ರಯಿಸುವ ಮನೆಗಳಿಗೂ ಇದೇ ಗತಿ. ಅವರು ಉಳಿಸುವುದು ಯೂನಿಟ್‌ಗಳನ್ನು. ನಿಗದಿತ ಶುಲ್ಕ ವರ್ಷವಿಡೀ ನಡೆಯುತ್ತಲೇ ಇರುತ್ತದೆ.

ಗೃಹಜ್ಯೋತಿ ಇರುವಾಗ ಈ ಲೆಕ್ಕವೆಲ್ಲ ಯಾಕೆ ಎಂದು ಯಾರಾದರೂ ಕೇಳಬಹುದು. ಸಣ್ಣ ಮನೆಗಳ ಪಾಲಿಗೆ ಅದು ದೊಡ್ಡ ನೆರವೆಂಬುದನ್ನು ಅಲ್ಲಗಳೆಯಲಾಗದು. ಆದರೆ ರಿಯಾಯಿತಿ ಎಂಬುದು ಸರ್ಕಾರದ ತೀರ್ಮಾನ. ದರ ಎಂಬುದು ಕಾಯ್ದೆಯಡಿಯ ಆದೇಶ. ಮೊದಲನೆಯದು ಒಂದು ಮುಂಗಡಪತ್ರದಲ್ಲಿ ಬದಲಾಗಬಹುದು. ಆಗ ಮನೆಯ ಮುಂದೆ ನಿಲ್ಲುವುದು ಎರಡನೆಯದು. ಅದಲ್ಲದೆ ಉಚಿತ ಯೂನಿಟ್‌ಗಳ ಮಿತಿಯನ್ನು ನಿಗದಿಪಡಿಸಿದ್ದು 2022-23ರಲ್ಲಿ ಆಯಾ ಮನೆ ಬಳಸಿದ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿ. ಅಂದು ಹೆಚ್ಚು ಉರಿಸಿದವರಿಗೆ ಹೆಚ್ಚು ಉಚಿತ, ಕಡಿಮೆ ಉರಿಸಿದವರಿಗೆ ಕಡಿಮೆ. ಇಲ್ಲಿಯೂ ಮಿತವ್ಯಯಿಗೇ ಸಣ್ಣ ಪಾಲು.

ನಿಗದಿತ ಶುಲ್ಕದ ನ್ಯಾಯ, ಅನ್ಯಾಯ

ವಿತರಣಾ ಕಂಪನಿಗಳ ವಾದದಲ್ಲಿ ಹುರುಳಿಲ್ಲವೆಂದಲ್ಲ. ಕಂಬ, ತಂತಿ, ಟ್ರಾನ್ಸ್‌ಫಾರ್ಮರ್, ಲೈನ್‌ಮನ್‌ಗಳ ಸಂಬಳ, ಇವು ಯಾರು ಎಷ್ಟು ಬಳಸಿದರೂ ತಪ್ಪದ ಖರ್ಚುಗಳು. ಶಾಖೋತ್ಪನ್ನ ಸ್ಥಾವರಗಳೊಡನೆ ಮಾಡಿಕೊಂಡ ಒಪ್ಪಂದಗಳಲ್ಲಿ ವಿದ್ಯುತ್ ಪಡೆಯದಿದ್ದರೂ ಕೊಡಬೇಕಾದ ಸ್ಥಿರವೆಚ್ಚವಿರುತ್ತದೆ. ಹತ್ತು ಮನೆಗಳ ಕೇರಿಗಾಗಿ ಕಾಡಿನ ನಡುವೆ ಮೈಲುಗಟ್ಟಲೆ ತಂತಿ ಎಳೆಯುವ ಮಲೆನಾಡಿನಲ್ಲಿ ಮನೆಯೊಂದಕ್ಕೆ ತಗಲುವ ವೆಚ್ಚ ನಗರಕ್ಕಿಂತ ಹೆಚ್ಚೇ. 2003ರ ವಿದ್ಯುತ್ ಕಾಯ್ದೆ ಕೂಡ ಬಳಕೆಯ ಶುಲ್ಕದ ಜೊತೆಗೆ ನಿಗದಿತ ಶುಲ್ಕ ವಿಧಿಸಲು ಅವಕಾಶ ಕೊಟ್ಟಿದೆ.

ಪ್ರಶ್ನೆ ಇರುವುದು, ಆ ಸ್ಥಿರವೆಚ್ಚ ಬೆಳೆಯುತ್ತಿರುವುದು ಯಾರಿಗಾಗಿ ಎಂಬಲ್ಲಿ. ಹೊಸ ಸ್ಥಾವರ, ಹೊಸ ಪ್ರಸರಣ ಮಾರ್ಗಗಳು ಬೇಕಾಗುವುದು ನಾಲ್ಕು ಬಲ್ಬು, ಒಂದು ಮಿಕ್ಸಿಗಾಗಿ ಅಲ್ಲ. ಎಲ್ಲರೂ ಒಂದೇ ಹೊತ್ತಿನಲ್ಲಿ ಹವಾನಿಯಂತ್ರಕ, ಗೀಸರ್‌ಗಳನ್ನು ಹಾಕಿದಾಗ ಏಳುವ ಬೇಡಿಕೆಗಾಗಿ. ಕರ್ನಾಟಕದಲ್ಲೇ ಹಿಂದೆ ಮೊದಲ ಕಿಲೋವಾಟಿಗೆ ಕಡಿಮೆ, ಮುಂದಿನ ಕಿಲೋವಾಟ್‌ಗಳಿಗೆ ಹೆಚ್ಚು ನಿಗದಿತ ಶುಲ್ಕವಿತ್ತು. ಆ ವಿವೇಕ ಈಗಿನ ಸಮಾನ ದರದಲ್ಲಿ ಕಾಣೆಯಾಗಿದೆ.

ಇನ್ನೊಂದು ಮಾತಿದೆ. ನಿಗದಿತ ಶುಲ್ಕವೆಂದರೆ ಬೇಕೆಂದಾಗ ವಿದ್ಯುತ್ ಸಿಗುತ್ತದೆಂಬ ಭರವಸೆಯ ಬೆಲೆ. ಆಷಾಢದ ಗಾಳಿಮಳೆಗೆ ಮರ ಬಿದ್ದು, ಕಂಬ ಮುರಿದು ದಿನಗಟ್ಟಲೆ ಕತ್ತಲೆಯಲ್ಲಿರುವ ಊರುಗಳು ಆ ದಿನಗಳಿಗೂ ಪೂರ್ತಿ ಶುಲ್ಕ ತೆರುತ್ತವೆ. ಲೈನ್‌ಮನ್‌ಗಳು ಆ ಮಳೆಯಲ್ಲಿ ಜೀವ ಒತ್ತೆಯಿಟ್ಟು ದುಡಿಯುತ್ತಾರೆ. ದೂರು ಅವರ ಮೇಲಲ್ಲ. ಕೊಡದ ಸೇವೆಗೆ ಬೆಲೆ ಕೇಳುವ ಲೆಕ್ಕದ ಮೇಲೆ. 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು ಸೇವಾ ಲೋಪಕ್ಕೆ ಪರಿಹಾರವನ್ನು ಹೇಳುತ್ತವೆ. ಕತ್ತಲೆಯ ದಿನಗಳ ನಿಗದಿತ ಶುಲ್ಕವನ್ನು ತಾನಾಗಿ ಬಿಲ್ಲಿನಿಂದ ಕಳೆಯುವುದು ಅದರ ಮೊದಲ ಹೆಜ್ಜೆಯಾಗಬೇಕು.

ಸಂಜೆಯ ಬೆಲೆ ಮತ್ತು ಶರಾವತಿ

ಬದಲಾಗುವ ದರ ಎಂದಾಗ ಹೆದರಿಕೆ ಹುಟ್ಟುವುದಕ್ಕೆ ಕಾರಣವಿಲ್ಲದಿಲ್ಲ. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಭೀಕರ ಹಿಮಗಾಳಿ ಬೀಸಿದಾಗ ಸಗಟು ಮಾರುಕಟ್ಟೆಯ ಬೆಲೆ ಯೂನಿಟ್‌ಗೆ 9 ಡಾಲರ್ ಮುಟ್ಟಿತು. ಮನೆಯ ದರವನ್ನು ನೇರವಾಗಿ ಆ ಮಾರುಕಟ್ಟೆಗೆ ಕಟ್ಟಿಕೊಂಡಿದ್ದ ಗ್ರಾಹಕರಿಗೆ ಕೆಲವೇ ದಿನಗಳಲ್ಲಿ ಸಾವಿರಾರು ಡಾಲರುಗಳ ಬಿಲ್ಲು ಬಂತು. ಇಲ್ಲಿಯೂ ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಶುಲ್ಕವೆಂದು ಬಿಲ್ಲಿನಲ್ಲಿ ಕಾಣಿಸಿಕೊಳ್ಳುವ ಮೊತ್ತ ಅದೇ ಜಾತಿಯದು. ಮುಂಚಿತವಾಗಿ ತಿಳಿಯದ ಬೆಲೆಗೆ ಯಾವ ಮನೆಯೂ ತನ್ನ ಬಳಕೆಯನ್ನು ಹೊಂದಿಸಿಕೊಳ್ಳಲಾರದು. ಅಂಥ ಬದಲಾವಣೆ ಬೇಡ.

ಆದರೆ ಮೊದಲೇ ಸಾರಿದ ಹೊತ್ತಿನ ದರ ಬೇರೆಯೇ ಸಂಗತಿ. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ತಂದ ತಿದ್ದುಪಡಿ, ಬಿಸಿಲಿನ ಎಂಟು ಗಂಟೆಗಳ ದರ ಸಾಮಾನ್ಯ ದರಕ್ಕಿಂತ ಶೇಕಡಾ 20ರಷ್ಟಾದರೂ ಕಡಿಮೆಯಿರಬೇಕು, ಬೇಡಿಕೆ ಏರುವ ಹೊತ್ತಿನಲ್ಲಿ ಗೃಹಬಳಕೆಯಂಥ ಗ್ರಾಹಕರಿಗೆ ಶೇಕಡಾ 10ರಷ್ಟಾದರೂ ಹೆಚ್ಚಿರಬೇಕು ಎನ್ನುತ್ತದೆ. ಸ್ಮಾರ್ಟ್ ಮೀಟರ್ ಇಲ್ಲದೆ ಇದು ಜಾರಿಯಾಗದು. ಸಂಜೆ ಓದುವ ಮಕ್ಕಳ ದೀಪಕ್ಕೂ ದಂಡವೇ ಎಂಬ ಆತಂಕ ಹಳ್ಳಿಗಳಲ್ಲಿ ಸಹಜ. ಲೆಕ್ಕ ಹಾಕಿದರೆ ಚಿತ್ರ ಬೇರೆ. 30 ಯೂನಿಟ್‌ನ ಮನೆ 12 ಯೂನಿಟ್‌ಗಳನ್ನು ಸಂಜೆಯಲ್ಲಿ, 12 ಯೂನಿಟ್‌ಗಳನ್ನು ಹಗಲಿನಲ್ಲಿ ಬಳಸುತ್ತದೆಂದರೆ, 5.80ರ ದರಕ್ಕೆ ಸಂಜೆ ಸುಮಾರು 7 ರೂಪಾಯಿ ಹೆಚ್ಚಾಗುತ್ತದೆ, ಹಗಲಿನಲ್ಲಿ ಸುಮಾರು 14 ರೂಪಾಯಿ ಉಳಿಯುತ್ತದೆ. ಅದೇ ಮನೆಗೆ ನಿಗದಿತ ಶುಲ್ಕದಿಂದ 2025ರಲ್ಲಿ ಒಂದೇ ಸಲಕ್ಕೆ ಬಿದ್ದ ಹೆಚ್ಚಳ ತಿಂಗಳಿಗೆ 50 ರೂಪಾಯಿ. ಜನ ಅಂಜಬೇಕಾದದ್ದಕ್ಕೆ ಅಂಜದೆ, ಅಂಜಬೇಕಿಲ್ಲದ್ದಕ್ಕೆ ಅಂಜುವಂತಾಗಿದೆ.

ಈ ಸಂಜೆಯ ಲೆಕ್ಕಕ್ಕೂ ಶರಾವತಿ ಕಣಿವೆಗೂ ನೇರ ಸಂಬಂಧವಿದೆ. ಹಗಲಿನಲ್ಲಿ ಸೌರವಿದ್ಯುತ್ ಹೇರಳ; ಸೂರ್ಯ ಮುಳುಗಿದ ಮೇಲೆ ಅದಿಲ್ಲ, ಬೇಡಿಕೆ ಮಾತ್ರ ಏರುತ್ತದೆ. ಆ ಕೆಲವು ಗಂಟೆಗಳಿಗಾಗಿಯೇ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ರೂಪಿಸಿದ್ದು. ಹಗಲಿನಲ್ಲಿ ನೀರನ್ನು ಮೇಲಕ್ಕೆತ್ತಿ ಸಂಜೆ ಕೆಳಕ್ಕೆ ಬಿಡುವ ಇಂಥ ಯೋಜನೆಗಳು ಉತ್ಪಾದಿಸುವುದಕ್ಕಿಂತ ಹೆಚ್ಚು ವಿದ್ಯುತ್ತನ್ನು ತಾವೇ ನುಂಗುತ್ತವೆ. ಸ್ಥಳವೋ, ಸಿಂಗಳೀಕಗಳ ಅಭಯಾರಣ್ಯ. 1948ರಲ್ಲಿ ಜೋಗದ ವಿದ್ಯುದಾಗಾರ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು, ನಂತರ ವಾರಾಹಿ, ಕಾಳಿ, ಕೈಗಾ. ನಾಡಿಗೆ ಬೆಳಕು ಕೊಡಲು ಊರನ್ನೂ ಕಾಡನ್ನೂ ಬಿಟ್ಟುಕೊಟ್ಟ ಈ ಸೀಮೆಯನ್ನು ಮತ್ತೊಮ್ಮೆ ಅಗೆಯುವ ಮೊದಲು, ನಗರಗಳ ಸಂಜೆಯ ಬೇಡಿಕೆಯಲ್ಲಿ ಒಂದು ಪಾಲನ್ನು ಹಗಲಿಗೆ ಸರಿಸಲಾದೀತೇ ಎಂದು ಕೇಳಬೇಡವೇ? ಬೆಳಗಿನ ಯೂನಿಟ್ಟಿಗೂ ಸಂಜೆಯ ಯೂನಿಟ್ಟಿಗೂ ಒಂದೇ ಬೆಲೆ ಇರುವವರೆಗೆ ಆ ಪ್ರಶ್ನೆಯೇ ಏಳುವುದಿಲ್ಲ. ಸಂಜೆಯ ಯೂನಿಟ್ಟಿನ ನಿಜವಾದ ಬೆಲೆಯನ್ನು ಕಣಿವೆ ತೆರುತ್ತದೆ. ಬಿಲ್ಲಿನಲ್ಲಿ ಅದು ಕಾಣುವುದಿಲ್ಲ. ದರವೊಂದೇ ಯೋಜನೆಯನ್ನು ತಡೆಯುತ್ತದೆಂದಲ್ಲ. ಆದರೆ ಬೇಡಿಕೆಯನ್ನು ಪಳಗಿಸುವ ಅಗ್ಗದ ದಾರಿಯನ್ನು ಮೊದಲು ಹಿಡಿಯದೆ ಸುರಂಗ ಕೊರೆಯಲು ಹೊರಡುವುದು ವಿವೇಕವಲ್ಲ.

ಕೇಳಬೇಕಾದದ್ದು

ಮಲೆನಾಡಿನ ಗ್ರಾಹಕರ ಬೇಡಿಕೆ ಹೀಗಿರುವುದು ನ್ಯಾಯ. ಮೊದಲ ಕಿಲೋವಾಟಿನ ನಿಗದಿತ ಶುಲ್ಕ ಹಗುರವಾಗಲಿ, ಮೇಲಿನವುಗಳದು ಏರಲಿ. ಬಳಕೆಯ ದರಕ್ಕೆ ಏಣಿ ಮರಳಿ ಬರಲಿ. ಹೊತ್ತಿನ ದರ ಮೊದಲು ದೊಡ್ಡ ಬಳಕೆದಾರರಿಗೆ ಬರಲಿ. ಸಣ್ಣ ಮನೆಗೆ ಹಗಲಿನ ರಿಯಾಯಿತಿ ಇರಲಿ, ಮೊದಲ 50 ಯೂನಿಟ್‌ಗಳಿಗೆ ಸಂಜೆಯ ಹೆಚ್ಚಳ ಬೇಡ. ಸ್ಮಾರ್ಟ್ ಮೀಟರಿನ ಖರ್ಚು ಅವರ ತಲೆಗೆ ಬೀಳದಿರಲಿ. ಇವು ಕಾಯ್ದೆಗೆ ಹೊರತಾದ ಬೇಡಿಕೆಗಳಲ್ಲ. ಗ್ರಾಹಕರ ಒಟ್ಟು ಬಳಕೆ, ವಿದ್ಯುತ್ ಬೇಕಾಗುವ ಹೊತ್ತು, ಪ್ರದೇಶದ ಭೌಗೋಳಿಕ ಸ್ಥಿತಿ, ಇವುಗಳನ್ನು ನೋಡಿ ದರದಲ್ಲಿ ಭೇದ ಮಾಡಬಹುದೆಂದು 2003ರ ಕಾಯ್ದೆಯ 62ನೆಯ ಕಲಮು ಹೇಳುತ್ತದೆ.

ಮನೆಯ ಮಟ್ಟದಲ್ಲಿ ತಕ್ಷಣ ಆಗಬಹುದಾದ ಕೆಲಸವೂ ಒಂದಿದೆ. ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟೆಂದು ನೋಡಬೇಕು. ವೈರಿಂಗ್ ಮಾಡಿಸುವಾಗ ಮುಂದೆ ಬೇಕಾದೀತೆಂದು ಬರೆಸಿದ ಮೂರು ಕಿಲೋವಾಟ್ ಇಂದಿಗೂ ಬೇಡವಾಗಿದ್ದರೆ, ಅದನ್ನು ಇಳಿಸಿಕೊಡಿರೆಂದು ಮೆಸ್ಕಾಂ ಅಥವಾ ಹೆಸ್ಕಾಂ ಕಚೇರಿಗೆ ಅರ್ಜಿ ಕೊಡಬಹುದು. 2025-26ರ ದರದಲ್ಲಿ ಕಡಿಮೆಯಾಗುವ ಪ್ರತಿ ಕಿಲೋವಾಟೂ ತಿಂಗಳಿಗೆ 145 ರೂಪಾಯಿ.

ಊರಿನ ಮಟ್ಟದ ಕೆಲಸ ಆಯೋಗದ ಮುಂದೆ ಇದೆ. ದರ ಪರಿಷ್ಕರಣೆಯ ಅರ್ಜಿ ಸಲ್ಲಿಕೆಯಾದಾಗ ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ. ಯಾರು ಬೇಕಾದರೂ ಲಿಖಿತ ಆಕ್ಷೇಪಣೆ ಸಲ್ಲಿಸಿ, ಸಾರ್ವಜನಿಕ ವಿಚಾರಣೆಯಲ್ಲಿ ಮಾತನಾಡಬಹುದು. ಆ ಸಭೆಗಳಲ್ಲಿ ಕೈಗಾರಿಕೆಗಳ ಪ್ರತಿನಿಧಿಗಳು ಅಂಕಿಅಂಶಗಳ ಕಡತದೊಡನೆ ಕೂತಿರುತ್ತಾರೆ. ಮೂವತ್ತು ಯೂನಿಟ್‌ನ ಮನೆಯ ಪರವಾಗಿಯೂ ಒಂದು ಕಡತ ಅಲ್ಲಿಗೆ ಹೋಗಬೇಕು. ಕಾಲೇಜಿನ ವಿದ್ಯಾರ್ಥಿಗಳು ತಮ್ಮ ಊರಿನ ಹತ್ತು ಮನೆಗಳ ಒಂದು ವರ್ಷದ ಬಿಲ್ಲುಗಳನ್ನೂ, ಮಳೆಗಾಲದಲ್ಲಿ ಕರೆಂಟ್ ಇಲ್ಲದ ದಿನಗಳನ್ನೂ ಪಟ್ಟಿಮಾಡಿದರೆ ಆ ಕಡತ ಸಿದ್ಧವಾದಂತೆ.