ಪುಕ್ಕಟೆ ಪಾಸಿನ ಅಭಿಮಾನ

ಕಳೆದ ಗಣೇಶೋತ್ಸವದ ಸಮಯದಲ್ಲಿ ನಮ್ಮ ಸಂಘದ ಯುವ ವಿಭಾಗದವರು ಒಂದು ಮೋಜಿನ ಸ್ಪರ್ಧೆ ಏರ್ಪಡಿಸಿದ್ದರು. ಬಂದ ಹುಡುಗ ಹುಡುಗಿಯರೆಲ್ಲ ತಮ್ಮ ಸಾರ್ವಕಾಲಿಕ ಮೆಚ್ಚಿನ ಐದು ಹಾಡುಗಾರರ ತಂಡಗಳ ಹೆಸರನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಬೇಕು. ಹೆಚ್ಚು ಮತ ಬಿದ್ದ ತಂಡದ ಒಂದು ಹಾಡನ್ನು ಕೊನೆಗೆ ಎಲ್ಲರೂ ಸೇರಿ ಹಾಡಬೇಕು. ಚೀಟಿ ಎಣಿಸುವ ಕೆಲಸ, ಹಗಲೆಲ್ಲ ಸರ್ಕಾರಿ ಕಡತ ಎಣಿಸುವವರೆಂದೋ ಏನೋ, ನಮ್ಮ ಪಾಲಿಗೆ ಬಂತು. ಬೀಟಲ್ಸ್ ಇತ್ತು, ಕ್ವೀನ್ ಇತ್ತು, ಅಬ್ಬಾ ಇತ್ತು (ಇದು ಉದ್ಗಾರವಲ್ಲ, ಸ್ವೀಡನ್ನಿನ ತಂಡದ ಹೆಸರು), ಕೋಲ್ಡ್‌ಪ್ಲೇ ಇತ್ತು. ಕೊರಿಯಾದ ಬಿಟಿಎಸ್ ಅಂತೂ ಎಲ್ಲರನ್ನೂ ಹಿಂದೆ ಹಾಕಿತು. ಕನ್ನಡದ ಒಂದೇ ಒಂದು ಹೆಸರು, ಒಂದೇ ಒಂದು ಚೀಟಿಯಲ್ಲೂ ಇರಲಿಲ್ಲ.

ಮರುವಾರದ ಸಭೆಯಲ್ಲಿ ಹಿರಿಯರು ಗುಡುಗಿದರು. ಮಕ್ಕಳು ಕೈತಪ್ಪಿದರು, ಸಂಸ್ಕೃತಿ ಮುಳುಗಿತು, ಇನ್ನು ಮುಂದೆ ಸಂಘದ ವೇದಿಕೆಯಲ್ಲಿ ಪರಭಾಷೆಯ ಹಾಡು ಕೂಡದು ಎಂಬ ಠರಾವಿನ ಮಾತೂ ಬಂತು. ಆ ದಿನ ನಾವು ಬಾಯಿ ಮುಚ್ಚಿ ಕುಳಿತೆವು. ಸಭೆಯಲ್ಲಿ ಆಡದ ಮಾತನ್ನು ಇಂದು ಈ ಪತ್ರಿಕೆಯ ಮೂಲಕ ಆಡುತ್ತಿದ್ದೇವೆ. ಕೆಲವರಿಗೆ ಕಹಿಯೆನಿಸಬಹುದು. ಆದರೂ ಹೇಳಲೇಬೇಕಾಗಿದೆ: ತಪ್ಪು ಮಕ್ಕಳದ್ದಲ್ಲ, ನಮ್ಮದು.

ಮೊದಲನೆಯದಾಗಿ, ಮಕ್ಕಳ ರುಚಿ ಕೆಟ್ಟದ್ದೆಂದು ನಾವು ಒಪ್ಪುವುದಿಲ್ಲ. ಬೀಟಲ್ಸ್ ಎಂದರೆ ಲಿವರ್‌ಪೂಲ್ ಎಂಬ ಬಂದರು ಊರಿನ ಸಾಮಾನ್ಯ ಮನೆಗಳ ನಾಲ್ವರು ಹುಡುಗರು. 1962ರಲ್ಲಿ ಅವರ ಮೊದಲ ಧ್ವನಿಮುದ್ರಿಕೆ ಬಂತು, 1970ಕ್ಕೆ ತಂಡ ಒಡೆಯಿತು. ಆ ಎಂಟು ವರ್ಷಗಳಲ್ಲಿ ಅವರು ಮಾಡಿದ್ದನ್ನು ಲೋಕ ಇಂದಿಗೂ ಕೇಳುತ್ತಿದೆ. ಅವರಲ್ಲಿ ಒಬ್ಬನಾದ ಜಾರ್ಜ್ ಹ್ಯಾರಿಸನ್ ನಮ್ಮ ರವಿಶಂಕರರ ಮುಂದೆ ಶಿಷ್ಯನಾಗಿ ಕುಳಿತು ಸಿತಾರ್ ಕಲಿತ. 1968ರಲ್ಲಿ ನಾಲ್ವರೂ ಹೃಷೀಕೇಶಕ್ಕೆ ಬಂದರು. ಪರರಲ್ಲಿರುವ ಒಳ್ಳೆಯದನ್ನು ಮೆಚ್ಚುವುದು ದ್ರೋಹವೆಂದಾದರೆ ದ್ರೋಹಿಗಳ ಪಟ್ಟಿಯಲ್ಲಿ ಅವರ ಹೆಸರೂ ಇರಬೇಕಾಗುತ್ತದೆ. ಅಷ್ಟೇಕೆ, ನಾವು ಕಾಲೇಜಿನಲ್ಲಿದ್ದಾಗ ಬ್ಯಾಕ್‌ಸ್ಟ್ರೀಟ್ ಬಾಯ್ಸ್ ಹಾಡುಗಳನ್ನು ನೋಟುಬುಕ್ಕಿನ ಹಿಂಬದಿಯಲ್ಲಿ ಬರೆದಿಟ್ಟುಕೊಂಡವರೇ. ಇಂದು ಗುಡುಗಿದ ಹಿರಿಯರೂ ತಮ್ಮ ಕಾಲದಲ್ಲಿ ಬೋನಿ ಎಂ ತಂಡದ ಹಾಡಿಗೆ ಕಾಲು ಕುಣಿಸದೆ ಇದ್ದವರಲ್ಲ.

ಎರಡನೆಯದಾಗಿ, ಎಲ್ಲರ ಬಾಯಲ್ಲೂ ಸಿದ್ಧವಾಗಿರುವ ಒಂದು ನೆಪವಿದೆ. "ಏನು ಮಾಡುವುದು, ಮಕ್ಕಳಿಗೆ ಕನ್ನಡ ಅರ್ಥವಾಗುವುದಿಲ್ಲ, ಇಲ್ಲಿ ಹುಟ್ಟಿದವರು, ಶಾಲೆಯಲ್ಲಿ ಇಂಗ್ಲಿಷು, ಓಣಿಯಲ್ಲಿ ಮರಾಠಿ, ಅದಕ್ಕೇ ನಾವು ರಾಜ್ಯೋತ್ಸವಕ್ಕೂ ಹಿಂದಿ ಆರ್ಕೆಸ್ಟ್ರಾ ಇಡುತ್ತೇವೆ." ಈ ನೆಪವನ್ನು ಬಿಟಿಎಸ್ ತಂಡದ ಏಳು ಹುಡುಗರು ಕಿತ್ತೆಸೆದಿದ್ದಾರೆ. 2013ರಲ್ಲಿ ರಂಗಕ್ಕಿಳಿದ ಆ ತಂಡ ಬಹುಪಾಲು ಹಾಡಿದ್ದು ಕೊರಿಯನ್ ಭಾಷೆಯಲ್ಲಿ. 2018ರಲ್ಲಿ ಅವರ ಕೊರಿಯನ್ ಆಲ್ಬಂ ಒಂದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಅಮೆರಿಕದವರಿಗೆ ಕೊರಿಯನ್ ಬರುತ್ತಿತ್ತೇ? ನಮ್ಮ ಡೊಂಬಿವಲಿಯ ಮಕ್ಕಳಿಗೆ ಬರುತ್ತದೆಯೇ?

ನಮ್ಮ ಮನೆಯ ಮಾತನ್ನೇ ಹೇಳುತ್ತೇವೆ. ಒಂಬತ್ತನೆಯ ತರಗತಿಯ ನಮ್ಮ ಮಗಳು ಅಂಥದೊಂದು ಹಾಡನ್ನು ಗುನುಗುತ್ತಿದ್ದಾಗ, "ಅರ್ಥ ಗೊತ್ತೇನಮ್ಮಾ?" ಎಂದು ಸ್ವಲ್ಪ ಕೊಂಕಿನಿಂದಲೇ ಕೇಳಿದೆವು. ಅವಳು ಸಾಲು ಸಾಲಾಗಿ ಅರ್ಥ ಹೇಳಿದಳು. ಎಲ್ಲಿಂದಲೋ ಅನುವಾದ ಹುಡುಕಿ, ಕೈಬರಹದಲ್ಲಿ ಬರೆದು, ಕಪಾಟಿನ ಒಳಬದಿಗೆ ಅಂಟಿಸಿಕೊಂಡಿದ್ದಳು. ಆಮೇಲೆ ಅವಳ ಸರದಿ. "ಅಪ್ಪಾ, ನೀವು ಸ್ನಾನಕ್ಕೆ ಹೋಗುವಾಗ ಶರೀಫರದು ಅಂತ ಒಂದು ಹಾಡು ಹೇಳ್ತೀರಲ್ಲ, ಅದರ ಅರ್ಥ ಏನು?" ಹುಬ್ಬಳ್ಳಿಯ ಕಡೆಯ ತಂದೆಯ ಮಗ, ಮೂವತ್ತು ವರ್ಷಗಳಿಂದ ಆ ಪದ ಹಾಡುತ್ತ ಬಂದವರು, ಮೊದಲ ಎರಡು ಸಾಲು ದಾಟಿ ಮುಂದೆ ಹೋಗಲಾಗಲಿಲ್ಲ. ಭಾಷೆ ಅರ್ಥವಾಗದೆ ಕುಳಿತವರು ಆ ದಿನ ಮನೆಯಲ್ಲಿ ಮಗಳಲ್ಲ, ನಾವು.

ಇನ್ನು, ಕನ್ನಡದಲ್ಲಿ ಅಂಥ ತಂಡಗಳೇ ಇರಲಿಲ್ಲವೇ ಎಂದರೆ, ಇದ್ದವು. ಪಾಪ್ ಎಂಬ ಹೆಸರನ್ನು ಪಕ್ಕಕ್ಕಿಡೋಣ. ಜನರ ಬಾಯಲ್ಲಿ ನಿಲ್ಲುವ ಹಾಡನ್ನು ಕೂಡಿ ಹಾಡುವವರು ಎಂದು ಅರ್ಥಮಾಡಿಕೊಂಡರೆ, ಪಾಂಡೇಶ್ವರ ಕಾಳಿಂಗರಾಯರು ಸೋಹನಕುಮಾರಿ, ಮೋಹನಕುಮಾರಿ ಎಂಬ ಸೋದರಿಯರೊಡನೆ ಕಟ್ಟಿದ ಮೂರು ದನಿಗಳ ಮೇಳಕ್ಕಿಂತ ದೊಡ್ಡ ತಂಡ ಬೇಕೇ? 1914ರಲ್ಲಿ ಹುಟ್ಟಿ 1981ರಲ್ಲಿ ತೀರಿಕೊಂಡ ಆ ದಕ್ಷಿಣ ಕನ್ನಡದ ಗಾಯಕರು ನವೋದಯ ಕವಿಗಳ ಪದ್ಯಗಳನ್ನು ಪುಸ್ತಕದಿಂದ ಬೀದಿಗೆ ತಂದರು. ಪಠ್ಯಪುಸ್ತಕದಲ್ಲಿ ಅಂಕಕ್ಕಾಗಿ ಓದಬೇಕಾಗಿದ್ದ ಪದ್ಯವನ್ನು ಹೊಲದಲ್ಲಿ ಕೆಲಸ ಮಾಡುವವನೂ ಹಾಡುವಂತಾಯಿತು. ಅವರ ಅನಂತರ ಮೈಸೂರು ಅನಂತಸ್ವಾಮಿಯವರು ಬಂದರು. ನಿಸಾರ್ ಅಹಮದರ ಕವಿತೆಗಳಿಗೆ ಅವರು ಸ್ವರ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ 1978ರಲ್ಲಿ ಹೊರಬಂತು. ನಮ್ಮ ತಂದೆಯವರು ಊರಿಗೆ ಹೋದಾಗ ತಂದ ಆ ಕ್ಯಾಸೆಟ್ಟು ಡೊಂಬಿವಲಿಯ ಒಂದೂವರೆ ಕೋಣೆಯ ಮನೆಯಲ್ಲಿ ಟೇಪು ಸವೆದು ಸುತ್ತಿಕೊಳ್ಳುವ ತನಕ ಹಾಡಿತು. ಸುತ್ತಿಕೊಂಡ ಮೇಲೆ ಪೆನ್ಸಿಲ್ ತೂರಿಸಿ ತಿರುಗಿಸಿ ಮತ್ತೆ ಹಾಡಿಸಿದೆವು. ಸಿ. ಅಶ್ವತ್ಥರು 'ಸಂತ ಶಿಶುನಾಳ ಶರೀಫ' ಚಿತ್ರದ ಮೂಲಕ 1990ರಲ್ಲಿ ಶರೀಫರನ್ನು ಮನೆಮನೆಗೆ ತಲುಪಿಸಿದರು. ಮುಂದೆ 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು 'ಕನ್ನಡವೇ ಸತ್ಯ' ನಡೆಸಿದಾಗ ಜನಸಾಗರವೇ ಸೇರಿತ್ತು. ಸೇರಿದ್ದು ಭಾವಗೀತೆ ಕೇಳಲು, ನಟನಟಿಯರನ್ನು ನೋಡಲಿಕ್ಕಲ್ಲ.

ಇವೆಲ್ಲ ಹಳೆಯ ಮಾತಾಯಿತು, ಗಿಟಾರು ಡ್ರಮ್ಮು ಬೇಕೆನ್ನುವ ಮಕ್ಕಳಿಗೆ ಏನಿದೆ ಎಂದು ಕೇಳುವವರುಂಟು. ಅದಕ್ಕೂ ಉತ್ತರವಿದೆ. ರಘು ದೀಕ್ಷಿತ್ ಹುಟ್ಟಿದ್ದು ನಾಸಿಕದಲ್ಲಿ, ಎಂದರೆ ನಮ್ಮ ಕಲ್ಯಾಣದ ಮೂಲಕ ಹಾದುಹೋಗುವ ಹಳಿಯ ಮೇಲೆಯೇ, ಬೆಳೆದದ್ದು ಮೈಸೂರಿನಲ್ಲಿ. ಪಂಚೆ ಉಟ್ಟು, ಗೆಜ್ಜೆ ಕಟ್ಟಿ, ಗಿಟಾರ್ ಹಿಡಿದು ಅವರು ಹಾಡುವುದು ಶರೀಫರ ಪದಗಳನ್ನು, ಅಂದರೆ 1889ರಲ್ಲಿ ಕಾಲವಾದ ಸಂತನ ಮಾತುಗಳನ್ನು. ಅವರ ತಂಡದ ಮೊದಲ ಆಲ್ಬಂ 2008ರಲ್ಲಿ ಬಂತು. ಹೊರತಂದವರು ಇದೇ ಮುಂಬಯಿಯ ಹಿಂದಿ ಚಿತ್ರಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್. 2010ರಲ್ಲಿ ಆ ತಂಡ ಬಿಬಿಸಿ ದೂರದರ್ಶನದ ವೇದಿಕೆಯಲ್ಲಿ ಹಾಡಿತು. ಲಂಡನ್ನಿನವರು ಶರೀಫರನ್ನು ಕೇಳಿದರು, ಡೊಂಬಿವಲಿಯ ಕನ್ನಡಿಗರ ಮಕ್ಕಳು ಕೇಳಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆ ನಮ್ಮನ್ನು ನೋಡಿಯೇ ಹುಟ್ಟಿರಬೇಕು.

ಹಾಗಾದರೆ ಚೀಟಿಯಲ್ಲಿ ಈ ಹೆಸರುಗಳೇಕೆ ಬರಲಿಲ್ಲ? ನಾವು ಕೇಳಿಸಲಿಲ್ಲ, ಅದಕ್ಕೆ ಬರಲಿಲ್ಲ. ನಾವೇಕೆ ಕೇಳಿಸಲಿಲ್ಲ? ಕನ್ನಡದ ಹಾಡಿಗೆ ಬೆಲೆಯಿದೆ ಎಂದು ನಾವೇ ನಂಬುವುದಿಲ್ಲ, ಅದಕ್ಕೆ.

2025ರ ಜನವರಿ 18, 19 ಮತ್ತು 21ರಂದು ನೆರೂಳಿನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಕೋಲ್ಡ್‌ಪ್ಲೇ ತಂಡ ಮೂರು ದಿನ ಹಾಡಿತು. 2019ರ ಡಿಸೆಂಬರಿನಲ್ಲಿ ಅದೇ ಮೈದಾನದಲ್ಲಿ ಐರ್ಲೆಂಡಿನ ಯು-ಟೂ ತಂಡ ಹಾಡಿತ್ತು. ನಮ್ಮ ಸದಸ್ಯರಲ್ಲೇ ಹಲವರು ಮಕ್ಕಳಿಗೆ ಸಾವಿರಾರು ರೂಪಾಯಿಯ ಟಿಕೆಟ್ ಕೊಡಿಸಿದರು. ಮಕ್ಕಳು ಠಾಣೆಯಲ್ಲಿ ಗಾಡಿ ಬದಲಾಯಿಸಿ ನೆರೂಳಿಗೆ ಹೋಗಿ, ನಡುರಾತ್ರಿ ಮನೆ ಸೇರಿದರು. ನಾವೂ ಕೊಡಿಸಿದವರೇ, ಅದಕ್ಕೆ ಪಶ್ಚಾತ್ತಾಪವಿಲ್ಲ. ಆದರೆ ಅದೇ ತಂದೆತಾಯಿ ಸಂಘದ ಕನ್ನಡ ಗೀತೆಗಳ ಸಂಜೆಗೆ ಇನ್ನೂರು ರೂಪಾಯಿ ಟಿಕೆಟ್ ಎಂದರೆ ಏನನ್ನುತ್ತಾರೆ? "ಎರಡು ಪಾಸು ಇಟ್ಟಿರಿ ಮಾರಾಯ್ರೇ" ಎನ್ನುತ್ತಾರೆ. ಮಗ ಇದನ್ನು ಕೇಳಿಸಿಕೊಳ್ಳುತ್ತಾನೆ. ಅಪ್ಪ ಯಾವುದಕ್ಕೆ ದುಡ್ಡು ಕೊಡುತ್ತಾನೆ, ಯಾವುದನ್ನು ಪುಕ್ಕಟೆ ಕೇಳುತ್ತಾನೆ ಎಂಬುದರಿಂದಲೇ ಅವನು ಬೆಲೆ ಕಟ್ಟುತ್ತಾನೆ. ಇದಕ್ಕೆ ವಿಶೇಷ ಬುದ್ಧಿ ಬೇಕಿಲ್ಲ.

ಪಕ್ಕದ ಮನೆಯ ಮರಾಠಿಯವರನ್ನು ನೋಡಿ. ಗ. ದಿ. ಮಾಡಗೂಳಕರರು ಬರೆದು ಸುಧೀರ ಫಡಕೆಯವರು ಸ್ವರ ಹಾಕಿದ 'ಗೀತ ರಾಮಾಯಣ'ದ 56 ಹಾಡುಗಳು ಪುಣೆ ಆಕಾಶವಾಣಿಯಿಂದ ಬಿತ್ತರವಾಗತೊಡಗಿದ್ದು 1955ರಲ್ಲಿ. ಎಪ್ಪತ್ತು ವರ್ಷ ಸಂದರೂ ಅದಕ್ಕೆ ಅವರು ಟಿಕೆಟ್ ಕೊಂಡು ಹೋಗುತ್ತಾರೆ, ಮೊಮ್ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ. ಠಾಣೆಯ ಗಡಕರಿ ರಂಗಾಯತನ, ಡೊಂಬಿವಲಿಯ ಸಾವಿತ್ರಿಬಾಯಿ ಫುಲೆ, ಕಲ್ಯಾಣದ ಆಚಾರ್ಯ ಅತ್ರೆ, ವಾಶಿಯ ವಿಷ್ಣುದಾಸ ಭಾವೆ, ಈ ನಾಟ್ಯಗೃಹಗಳನ್ನು ಉಳಿಸಿ ಬೆಳೆಸಿದ್ದು ಟಿಕೆಟ್ ಕೊಳ್ಳುವ ಮರಾಠಿ ಮಧ್ಯಮವರ್ಗ. ನಮ್ಮ ಗದಗಿನ ಭೀಮಸೇನ ಜೋಶಿಯವರ ಅಭಂಗವಾಣಿಯನ್ನೂ ಅವರು ಹಣ ಕೊಟ್ಟೇ ಕೇಳಿದರು. ಅವರ ಸಂಬಳ ನಮ್ಮ ಸಂಬಳಕ್ಕಿಂತ ಹೆಚ್ಚೇನಲ್ಲ. ಒಂದೇ ಕಚೇರಿಯಲ್ಲಿ ಒಂದೇ ತುಟ್ಟಿಭತ್ಯೆ ಎಣಿಸುವವರು ನಾವು, ನಮಗೆ ಗೊತ್ತು.

ನಮ್ಮ ಸಮಾರಂಭಗಳು ಹೇಗೆ ನಡೆಯುತ್ತವೆ? ಆರು ಗಂಟೆಗೆಂದು ಅಚ್ಚಾಗಿರುತ್ತದೆ, ಏಳಕ್ಕೆ ದೀಪ ಬೆಳಗುತ್ತದೆ. ಸ್ವಾಗತ, ಪ್ರಸ್ತಾವನೆ, ಹಾರ, ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ, ದಾನಿಗಳ ಸನ್ಮಾನ, ಸನ್ಮಾನಿತರ ಮಾತು. ಊರಿನಿಂದ ರೈಲಿನಲ್ಲಿ ರಾತ್ರಿಯಿಡೀ ಕುಳಿತು ಬಂದ ಗಾಯಕರು ಪರದೆಯ ಹಿಂದೆ ತಂಬೂರಿ ಶ್ರುತಿ ಮಾಡುತ್ತ ಕಾಯುತ್ತಾರೆ. ಅವರಿಗೆ ಮೈಕು ಸಿಗುವುದು ಒಂಬತ್ತೂವರೆಗೆ. ಅಷ್ಟರಲ್ಲಿ ಊಟದ ಸಾಲು ಬೆಳೆದಿರುತ್ತದೆ, ಉಳಿದವರು ಲೋಕಲ್ ಗಾಡಿಯ ವೇಳೆ ನೋಡುತ್ತಿರುತ್ತಾರೆ.

ಇಲ್ಲಿ ಒಂದು ತಪ್ಪೊಪ್ಪಿಗೆ ಮಾಡಿಕೊಳ್ಳದಿದ್ದರೆ ಈ ಲೇಖನ ಬರೆಯುವ ಹಕ್ಕು ನಮಗಿಲ್ಲ. ಕೆಲವು ವರ್ಷಗಳ ಹಿಂದೆ ಅಂಥದೇ ಒಂದು ಸಂಜೆ ಹಿರಿಯ ಗಾಯಕರೊಬ್ಬರು ಬಂದಿದ್ದರು. ಮೂರು ಭಾವಗೀತೆ ಮುಗಿದಿತ್ತು, ನಾಲ್ಕನೆಯದರ ಆಲಾಪ ಆರಂಭವಾಗಿತ್ತು. ಆಗ ವೇದಿಕೆಗೆ ಒಂದು ಚೀಟಿ ಹೋಯಿತು: "ದಯವಿಟ್ಟು ಹಿಂದಿ ಚಿತ್ರಗೀತೆ ಹಾಡಿರಿ, ಮಕ್ಕಳು ಕುಣಿಯಬೇಕಂತೆ." ಅವರು ಚೀಟಿ ಓದಿ, ಮಡಚಿ ಜೇಬಿನಲ್ಲಿಟ್ಟು, ಕೇಳಿದ್ದನ್ನು ಹಾಡಿದರು. ಮುಂದೆ ಎಂದೂ ನಮ್ಮ ಕಡೆ ಬರಲಿಲ್ಲ. ಆ ಚೀಟಿ ಬರೆದದ್ದು ಯಾರೋ ಮಕ್ಕಳಲ್ಲ. ಆಗ ಜೊತೆ ಕಾರ್ಯದರ್ಶಿಯಾಗಿದ್ದ ನಾವೇ ಬರೆದದ್ದು. ಮಕ್ಕಳು ಕೇಳಿರಲೂ ಇಲ್ಲ. ಸಭೆ ಖಾಲಿಯಾಗುತ್ತಿದೆಯೆಂಬ ಗಾಬರಿಯಲ್ಲಿ ಅವರ ಹೆಸರು ಹಾಕಿದ್ದೆವು. ಅಂದು ನಮ್ಮ ಮಗಳು ಮೊದಲ ಸಾಲಿನಲ್ಲಿ ಕುಳಿತು ಭಾವಗೀತೆಗೆ ತಾಳ ಹಾಕುತ್ತಿದ್ದಳೆಂದು ಆಮೇಲೆ ಮನೆಯವರು ಹೇಳಿದರು.

ಆಮೇಲೆ ಆರ್ಕೆಸ್ಟ್ರಾ ಯುಗ ಬಂತು. ಆಳೆತ್ತರದ ಧ್ವನಿವರ್ಧಕಗಳು ಬಂದವು. ಕಾಲೇಜಿನಲ್ಲಿ ಬಿ.ಎಸ್ಸಿ. ಓದುವಾಗ ಕಲಿತದ್ದು ಒಂದೇ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಧ್ವನಿಯ ಶಕ್ತಿಯನ್ನು ಹತ್ತು ಪಟ್ಟು ಹೆಚ್ಚಿಸಿದರೂ ಕಿವಿಗೆ ಅದು ಸುಮಾರು ಎರಡು ಪಟ್ಟು ಮಾತ್ರ ಜೋರಾಗಿ ಕೇಳುತ್ತದೆ. ಹತ್ತು ಪಟ್ಟು ಖರ್ಚು ಮಾಡಿ ನಾವು ಗಳಿಸಿದ್ದು ಇಮ್ಮಡಿ ಗದ್ದಲ, ಕಳೆದುಕೊಂಡದ್ದು ಸಾಹಿತ್ಯ.

ಟೀಕೆ ಸುಲಭ, ದಾರಿ ಹೇಳಿ ಎಂದು ಕೇಳುವವರಿಗಾಗಿ ನಮ್ಮ ಸೂಚನೆಗಳು ಇವು:

1. ವರ್ಷಕ್ಕೊಂದಾದರೂ ಕನ್ನಡ ಗೀತೆಗಳ ಸಂಜೆ ಟಿಕೆಟ್ ಇಟ್ಟು ನಡೆಯಲಿ. ಪಾಸು ಯಾರಿಗೂ ಬೇಡ. ಅಧ್ಯಕ್ಷರಿಗೂ ಬೇಡ, ಈ ಲೇಖಕರಿಗೂ ಬೇಡ. ಜನ ಬಾರದಿದ್ದರೆ ಖಾಲಿ ಕುರ್ಚಿಗಳು ನಮ್ಮ ಅಭಿಮಾನದ ಲೆಕ್ಕವನ್ನು ನಿಜವಾಗಿ ಹೇಳಲಿ.

2. ಸನ್ಮಾನ, ಭಾಷಣಗಳು ಹಾಡು ಮುಗಿದ ಮೇಲೆ, ಹದಿನೈದು ನಿಮಿಷದಲ್ಲಿ ಮುಗಿಯಲಿ.

3. ಅಂದು ಹಾಡುವ ಪದ್ಯಗಳನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಬಾಗಿಲಲ್ಲೇ ಕೊಡೋಣ. ಕನ್ನಡ ಅಕ್ಷರದಲ್ಲಿ ಒಮ್ಮೆ, ನಮ್ಮ ಮಕ್ಕಳು ಓದಬಲ್ಲ ದೇವನಾಗರಿಯಲ್ಲಿ ಇನ್ನೊಮ್ಮೆ, ಕೆಳಗೆ ಅರ್ಥ. ಕೊರಿಯನ್ ಹಾಡಿನ ಅರ್ಥ ಹುಡುಕಿಕೊಂಡ ಮಕ್ಕಳು ಕೈಗೆ ಕೊಟ್ಟದ್ದನ್ನು ಓದದೆ ಬಿಡುವವರಲ್ಲ.

4. ಸಂಘದ ಸಭಾಂಗಣವನ್ನು ಭಾನುವಾರ ಮಧ್ಯಾಹ್ನ ಯುವ ವಿಭಾಗಕ್ಕೆ ಬಾಡಿಗೆಯಿಲ್ಲದೆ ಬಿಟ್ಟುಕೊಡಲಿ. ಅವರು ತಮ್ಮದೇ ತಂಡ ಕಟ್ಟಲಿ, ಗಿಟಾರೋ ಡ್ರಮ್ಮೋ ತರಲಿ. ಕಾಳಿಂಗರಾಯರೂ ತಮ್ಮ ಕಾಲಕ್ಕೆ ಹೊಸಬರೇ ಆಗಿದ್ದರು. "ಹಾಗಲ್ಲ ಹೀಗೆ" ಎಂದು ಹೇಳಲು ನಾವು ಯಾರೂ ಆ ಹೊತ್ತಿಗೆ ಅತ್ತ ಸುಳಿಯಬಾರದು.

ಪರಭಾಷೆಯ ಹಾಡು ಕೂಡದೆಂಬ ಠರಾವಿಗೆ ನಮ್ಮ ವಿರೋಧವಿದೆ. ಒಂದು ಹಾಡನ್ನು ನಿಷೇಧಿಸಿ ಇನ್ನೊಂದು ಹಾಡನ್ನು ಪ್ರೀತಿಸುವಂತೆ ಮಾಡಿದವರು ಲೋಕದಲ್ಲಿ ಯಾರೂ ಇಲ್ಲ. ಮಕ್ಕಳ ಚೀಟಿಯಿಂದ ಬೀಟಲ್ಸ್ ಹೆಸರು ಅಳಿಸಬೇಕೆಂಬ ಆಸೆ ನಮಗಿಲ್ಲ. ಐದರಲ್ಲಿ ಒಂದು ಸಾಲು ಕನ್ನಡಕ್ಕೆ ತಾನಾಗಿ ಬರಲಿ, ಅಷ್ಟು ಸಾಕು.

ಮೇಲಿನ ನಾಲ್ಕು ಸೂಚನೆಗಳನ್ನು ಬರುವ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಲಿಖಿತವಾಗಿ ಮಂಡಿಸಲಿದ್ದೇವೆ. ನಿಯಮದಂತೆ ಒಬ್ಬ ಅನುಮೋದಕರು ಬೇಕು. ಸಿದ್ಧರಿರುವವರು ಸಭೆಗೆ ಬರುವಾಗ ಇನ್ನೂರು ರೂಪಾಯಿಯನ್ನೂ ತರಲಿ. ಮೊದಲ ಸಂಜೆಯ ಎರಡು ಟಿಕೆಟ್ಟಿನ ಹಣವನ್ನು, ಮಗಳದ್ದೂ ಸೇರಿಸಿ, ನಾವು ಖಜಾಂಚಿಯವರಿಗೆ ಕೊಟ್ಟು ರಸೀದಿ ಪಡೆದಿದ್ದೇವೆ.